ದೊಡ್ಡಮ್ಮನ ಮುಖ, ಜಗಲಿಯ ಬೆಳಕು

ಕೇಳುಗರಿಗೆ ನಮಸ್ಕಾರ.

ನಮ್ಮ ತೀರ್ಥಹಳ್ಳಿ ಕಡೆ ಅಡಿಕೆ ಸುಲಿಯುವ ಕಾಲದಲ್ಲಿ ಬೆಳಗ್ಗೆ ಜಗಲಿಯಲ್ಲಿ ಕೂತಿದ್ದೀರಾ? ಹೊರಗೆ ಮಂಜು, ಒಳಗೆ ಅರೆಗತ್ತಲೆ. ಬೆಳಕು ಬರುವುದು ಅಂಗಳದ ಕಡೆಯಿಂದ ಮಾತ್ರ. ಆ ಬೆಳಕಿನಲ್ಲಿ ದೊಡ್ಡಮ್ಮನ ಫೋಟೋ ತೆಗೆಯಬೇಕು ಅನ್ನೋದು ನನ್ನ ಎಷ್ಟೋ ವರ್ಷದ ಆಸೆ. ಹಿಂದೆ ತೆಗೆದಾಗೆಲ್ಲ ಒಂದು ಕೆನ್ನೆ ಬೆಳ್ಳಗೆ ಸುಟ್ಟುಹೋಗುತ್ತಿತ್ತು, ಇಲ್ಲವೇ ಇನ್ನೊಂದು ಕೆನ್ನೆ ಮಸಿಯಾಗುತ್ತಿತ್ತು.

ಈ ಸಲ ಶಿವಮೊಗ್ಗದ ಗೆಳೆಯರೊಬ್ಬರು ತಮ್ಮ ಮೀಡಿಯಂ ಫಾರ್ಮ್ಯಾಟ್ ಕ್ಯಾಮೆರಾವನ್ನು, ಅಂದರೆ ಮಾಮೂಲಿಗಿಂತ ದೊಡ್ಡ ಫಿಲ್ಮ್ ಅಥವಾ ಸೆನ್ಸರ್ ಇರುವ ಕ್ಯಾಮೆರಾವನ್ನು, ಎರಡು ದಿನಕ್ಕೆ ಕೊಟ್ಟರು. ಫ್ಯೂಜಿಫಿಲ್ಮ್ ಜಿಎಫ್‌ಎಕ್ಸ್ 100ಎಸ್, 2021ರಲ್ಲಿ ಬಂದದ್ದು. 110 ಎಂಎಂ ಲೆನ್ಸ್ ಸೇರಿದರೆ ಹತ್ತಿರ ಹತ್ತಿರ ಎರಡು ಕೆಜಿ. ಹಳೇ ಸ್ಟುಡಿಯೋಗಳಲ್ಲಿ ಮೇಲಿಂದ ಬಗ್ಗಿ ನೋಡುವ ಯಾಶಿಕಾ ಇರುತ್ತಿತ್ತು, ಅಲ್ವಾ? ಆರು ಸೆಂಟಿಮೀಟರ್ ಚೌಕದ ನೆಗೆಟಿವ್ ಅದರದ್ದು. ಇದೂ ಅದೇ ಮನೆತನದ್ದೇ. ಆದರೆ ಫಿಲ್ಮಿನ ಬದಲು ಬೆಳಕು ಹಿಡಿಯುವ ಸೆನ್ಸರ್ ಅಷ್ಟು ದೊಡ್ಡದಲ್ಲ, 44 ಮಿಲಿಮೀಟರಿಗೆ 33 ಮಿಲಿಮೀಟರ್. ಆದರೂ ಹಳೇ 35 ಎಂಎಂ ಫಿಲ್ಮಿನ ಅಳತೆಯ ಫುಲ್ ಫ್ರೇಮ್ ಸೆನ್ಸರಿನ ಸುಮಾರು 1.7 ಪಟ್ಟು ಜಾಗ.

ದೊಡ್ಡಮ್ಮ ಅಡಿಕೆ ಸುಲಿಯುವ ಮೆಟ್ಟುಗತ್ತಿ ಮುಂದೆ ಕೂತಿದ್ದರು. “ಎಂತಕ್ಕೆ ಮಾರಾಯ ನನ್ನ ಫೋಟೋ? ಸೀರೆ ಆದ್ರೂ ಬದಲಾಯಿಸ್ತೀನಿ, ತಡಿ” ಅಂದರು. ಬೇಡ ಅಂದೆ.

ಲೆನ್ಸಿನ ಕಿಂಡಿಯನ್ನು ಎಫ್ 2ಕ್ಕೆ ಪೂರ್ತಿ ತೆರೆದು ಹತ್ತು ಫೋಟೋ ತೆಗೆದೆ. ದೊಡ್ಡದು ಮಾಡಿ ನೋಡಿದರೆ ಕನ್ನಡಕದ ಚೌಕಟ್ಟು ಮಾತ್ರ ಚೂಪಾಗಿದೆ, ಕಣ್ಣು ಮಸುಕು! ಹತ್ತು ಕೋಟಿ ಪಿಕ್ಸೆಲ್ ಇರುವ ಕ್ಯಾಮೆರಾ ಸಣ್ಣ ತಪ್ಪನ್ನೂ ಮುಚ್ಚಿಡುವುದಿಲ್ಲ. ಚೂಪಾಗಿ ಕಾಣುವ ಆಳ ಹೆಚ್ಚಲಿ ಅಂತ ಆಮೇಲೆ ಕಿಂಡಿ ಕಿರಿದು ಮಾಡಿ ಎಫ್ 4ಕ್ಕೆ ಇಳಿಸಿದೆ. ಟ್ರೈಪಾಡ್ ಹಾಕಿದೆ. ಸುಮ್ನೆ ಕೂತು ಮಾತಾಡಿಸಿದೆ. ತೋಟಕ್ಕೆ ಬಂದ ಕೊಳೆರೋಗದ ಮಾತು ಬಂತು. ಅವರು ಕ್ಯಾಮೆರಾ ಮರೆತು ನನ್ನ ಕಡೆ ತಿರುಗಿದರು. ಆಗ ಒತ್ತಿದೆ.

ಬೆಳಕು ಬಿದ್ದ ಕೆನ್ನೆಗೆ ತಕ್ಕಂತೆ ಕ್ಯಾಮೆರಾದಲ್ಲಿ ಬೆಳಕಿನ ಅಳತೆ ಇಟ್ಟು, ನೆರಳನ್ನು ಆಮೇಲೆ ಕಂಪ್ಯೂಟರಿನಲ್ಲಿ ಮೇಲೆತ್ತಿದೆ. ನೆರಳಿನೊಳಗೆ ಎಲ್ಲವೂ ಇತ್ತು. ಕಿವಿಯೋಲೆಯ ಹಿಂದಿನ ನರೆಗೂದಲು, ಗಲ್ಲದ ಮೇಲಿನ ಹಚ್ಚೆಯ ಹಸಿರು ಚುಕ್ಕಿ. ಬೆಳಕು ನೆರಳಿಗೆ ಇಳಿಯುವ ಕಡೆ ಗೆರೆಯೇ ಇಲ್ಲ. ಚರ್ಮ ಚರ್ಮದ ಹಾಗೇ ಇದೆ. ಮದುವೆ ಮನೆಯಲ್ಲಿ ಓಡಾಡುವವರಿಗೆ ನಾನು ಈ ಕ್ಯಾಮೆರಾ ಹೇಳುವುದಿಲ್ಲ. ಭಾರ ಜಾಸ್ತಿ, ಫೈಲುಗಳೂ ಜಾಸ್ತಿ ಜಾಗ ತಿನ್ನುತ್ತವೆ. ಒಬ್ಬರೆದುರು ಒಂದು ಬೆಳಗು ಕೂರಲು ಬಿಡುವಿದ್ದರೆ ಮಾತ್ರ ಇದನ್ನು ಕೈಗೆತ್ತಿಕೊಳ್ಳಿ.

ಸಂಜೆ ದೊಡ್ಡಮ್ಮನಿಗೆ ಫೋಟೋ ತೋರಿಸಿದೆ. ಮುಖವನ್ನು ಅವರು ಹೆಚ್ಚು ನೋಡಲಿಲ್ಲ. ಮಡಿಲಲ್ಲಿದ್ದ ಕೈ, ಅಡಿಕೆಯ ಚೊಗರು ಹಿಡಿದು ಕಪ್ಪಾದ ಬೆರಳು, ಅದನ್ನೇ ನೋಡುತ್ತಾ ಇದ್ದರು. “ನಮ್ಮ ಅಮ್ಮನ ಕೈಯೂ ಹೀಗೇ ಇತ್ತು ಕಣೋ” ಅಂದರು.

ನಮಸ್ಕಾರ.