ಕಟ್ಟಿದ ಕಂತು ತಿಂದ ಅನ್ನ

ನಮಸ್ಕಾರ, ತುಮಕೂರಿನಿಂದ ಮಾತಾಡುತ್ತಿದ್ದೇನೆ. ಇವತ್ತು ಮಳೆಗಾಲದ ಟೈರ್ ಬಗ್ಗೆ ಹೇಳಬೇಕಿತ್ತು. ಅದು ಮುಂದಿನ ವಾರಕ್ಕೆ. ಯಾಕೆ ಅಂದರೆ ಹೋದ ವಿಡಿಯೋ ಕೆಳಗೆ ಒಂದು ಕಮೆಂಟು ಬಂದಿದೆ. ಎರಡು ದಿನದಿಂದ ಅದು ತಲೆಯಲ್ಲೇ ಕೂತಿದೆ.

"ಅಣ್ಣಾ, ಆಫೀಸಿನ ಲೀಸ್ ಕಾರು. ಮೂರು ವರ್ಷ ತಿಂಗಳಿಗೆ 22,000 ಕಟ್ಟಿದ್ದೀನಿ. ಮುಂದಿನ ತಿಂಗಳು ಲೀಸ್ ಮುಗಿಯುತ್ತೆ. ವಾಪಸ್ ಕೊಟ್ಟರೆ ಕಟ್ಟಿದ್ದೆಲ್ಲ ನೀರಲ್ಲಿ ಹೋಮ. ಅದಕ್ಕೇ ಕೊಂಡುಬಿಡ್ತೀನಿ."

ಕೆಳಗೆ ಎಷ್ಟೋ ಜನ "ಸರಿಯಾಗಿ ಹೇಳಿದ್ರಿ" ಅಂತ ಬರೆದಿದ್ದಾರೆ. ಸ್ವಾಮಿ, ಸರಿ ಇಲ್ಲ. ಒಂಚೂರೂ ಸರಿ ಇಲ್ಲ.

36 ತಿಂಗಳು ಕಟ್ಟಿದ್ದು 7,92,000 ರೂಪಾಯಿ. ದೊಡ್ಡ ದುಡ್ಡು, ಒಪ್ಪುತ್ತೇನೆ. ಆದರೆ ಆ ದುಡ್ಡಿಗೆ ನೀವು ಮೂರು ವರ್ಷ ಕಾರು ಓಡಿಸಿದ್ದೀರಿ. ತಿಪಟೂರು ಕಡೆ ತೆಂಗಿನ ತೋಟ ಗುತ್ತಿಗೆ ಹಿಡಿಯುತ್ತಾರೆ ಅಲ್ವಾ? ಮೂರು ವರ್ಷ ಕಾಯಿ ಕೀಳುತ್ತಾರೆ, ಕೊಬ್ಬರಿ ಮಾರುತ್ತಾರೆ. ಅವಧಿ ಮುಗಿದ ದಿನ "ಇಷ್ಟು ಗುತ್ತಿಗೆ ಕಟ್ಟಿದ್ದೀನಿ, ಅದಕ್ಕೇ ತೋಟವನ್ನೇ ಕೊಳ್ಳುತ್ತೀನಿ" ಅನ್ನುವ ರೈತನನ್ನು ನೋಡಿದ್ದೀರಾ? ತೋಟದ ಬೆಲೆ ಸರಿ ಇದ್ದರೆ ಕೊಳ್ಳುತ್ತಾನೆ. ಇಲ್ಲದಿದ್ದರೆ ಏಣಿ ಎತ್ತಿಕೊಂಡು ಹೊರಡುತ್ತಾನೆ.

ನಮ್ಮವರಿಗೆ ಈ ಗೊಂದಲ ಎಲ್ಲಿಂದ ಬಂತು ಅಂತ ನನಗೆ ಗೊತ್ತು. ಆ ಪದವೇ ಮೋಸ ಮಾಡುತ್ತೆ. ನಮ್ಮಲ್ಲಿ ಲೀಸ್ ಅಂದರೆ ಮನೆ ಭೋಗ್ಯ. ಎಸ್.ಎಸ್. ಪುರಂನಲ್ಲಿ ಎಂಟು ಲಕ್ಷ ಕೊಟ್ಟು ಮನೆ ಲೀಸಿಗೆ ಹಾಕಿಕೊಂಡರೆ, ಖಾಲಿ ಮಾಡುವಾಗ ಎಂಟು ಲಕ್ಷ ವಾಪಸ್ ಬರಬೇಕು. ಆ ಲೆಕ್ಕ ತಲೆಯಲ್ಲಿ ಇಟ್ಟುಕೊಂಡು ಕಾರಿನ ಲೀಸ್ ನೋಡಿದರೆ, ಕಟ್ಟಿದ್ದು ಎಲ್ಲೋ ಜಮಾ ಆಗಿದೆ ಅನ್ನಿಸುತ್ತೆ. ಕಾರಿನ ಲೀಸ್ ಶುದ್ಧ ಬಾಡಿಗೆ. ಕಟ್ಟಿದ ಕಂತು ತಿಂದ ಅನ್ನ. ಅದು ಮತ್ತೆ ತಟ್ಟೆಗೆ ಬರುವುದಿಲ್ಲ.

ಈಗ ನಿಮ್ಮ ಮುಂದೆ ಇರುವುದು ಒಂದೇ ಪ್ರಶ್ನೆ. ಇದೇ ಕಾರು ಬಿ.ಎಚ್. ರಸ್ತೆಯ ಯಾವುದೋ ಯಾರ್ಡಿನಲ್ಲಿ ನಿಂತಿದೆ. ನೀವು ಅದನ್ನು ಇವತ್ತೇ ಮೊದಲ ಸಲ ನೋಡುತ್ತಿದ್ದೀರಿ. ಲೀಸ್ ಮುಗಿದಾಗ ಕಾರು ಕೊಳ್ಳಬೇಕಾದರೆ ಇಷ್ಟು ಕೊಡಬೇಕು ಅಂತ ಒಪ್ಪಂದದಲ್ಲಿ ಬರೆದಿರುವ ಉಳಿಕೆ ಬೆಲೆ, ಅದೇ ರೆಸಿಡ್ಯುಯಲ್ ವ್ಯಾಲ್ಯೂ, ಅಷ್ಟು ದುಡ್ಡು ಎಣಿಸಿ ಕೊಡುತ್ತೀರಾ?

ಆ ಬೆಲೆಯನ್ನು ಯಾವಾಗ ಬರೆದರು ಅಂತ ಸ್ವಲ್ಪ ಯೋಚನೆ ಮಾಡಿ. ಲೀಸ್ ಶುರುವಾದ ದಿನ, ಮೂರು ವರ್ಷದ ಹಿಂದೆ. ಆಮೇಲೆ 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತು, ಮೇಲಿದ್ದ ಸೆಸ್ಸೂ ಹೋಯಿತು. ನಾಲ್ಕು ಮೀಟರ್ ಒಳಗಿನ ಉದ್ದ, ಪೆಟ್ರೋಲ್ ಆದರೆ 1200 ಸಿಸಿ, ಡೀಸೆಲ್ ಆದರೆ 1500 ಸಿಸಿ ಒಳಗಿನ ಗಾಡಿಗಳು. ಶೋರೂಮಿನಲ್ಲಿ ಹೊಸದೇ ಅಗ್ಗವಾದರೆ ಹಳೆಯದಕ್ಕೆ ಜಾಸ್ತಿ ಯಾರು ಕೊಡುತ್ತಾರೆ? ಹಳೆ ಗಾಡಿ ಬೆಲೆ ಇಳಿಯಿತು. ಒಪ್ಪಂದದ ಕಾಗದಕ್ಕೆ ಮಾತ್ರ ಆ ಸುದ್ದಿ ಮುಟ್ಟಿಲ್ಲ. ಅದರಲ್ಲಿ ಹಳೆಯ ಅಂಕಿಯೇ ಕೂತಿದೆ.

ಇನ್ನು ದಿನಾ ಬೆಂಗಳೂರಿಗೆ ಹೋಗಿಬರುವವರ ವಿಷಯ. ನನ್ನ ಕೇಳುಗರಲ್ಲಿ ನೀವೇ ಜಾಸ್ತಿ. ಹೋಗಿ ಬರಲು 140 ಕಿಲೋಮೀಟರ್. ತಿಂಗಳಿಗೆ 22 ದಿನ ಅಂದರೂ ಮೂರು ವರ್ಷಕ್ಕೆ 1,10,000 ದಾಟುತ್ತೆ. ಅಷ್ಟು ಓಡಿದ ಗಾಡಿಗೆ ಮಾರುಕಟ್ಟೆಯಲ್ಲಿ ಬೆಲೆ ಬೀಳುತ್ತೆ. ಆದರೆ ವಾಪಸ್ ಕೊಡುವಾಗ, ಒಪ್ಪಂದದಲ್ಲಿ ಮಿತಿ ಇದ್ದರೆ ಹೆಚ್ಚು ಓಡಿದ ಕಿಲೋಮೀಟರಿಗೆ ದಂಡ ಕೇಳುತ್ತಾರೆ. ಗೀರು, ಡೆಂಟು, ಸವೆದ ಟೈರಿಗೂ ಕೇಳುತ್ತಾರೆ.

ಆದ್ದರಿಂದ ಲೆಕ್ಕ ಹೀಗೆ ಹಾಕಿ. ಉಳಿಕೆ ಬೆಲೆಗೆ ಒಪ್ಪಂದದಲ್ಲಿ ಹೇಳಿದ ತೆರಿಗೆ, ಆರ್‌ಸಿ ವರ್ಗಾವಣೆ ಖರ್ಚು, ವಿಮೆ ಖರ್ಚು ಸೇರಿಸಿ. ಆರ್‌ಸಿ ಇರುವುದು ಲೀಸ್ ಕೊಟ್ಟವರ ಹೆಸರಿನಲ್ಲಿ. ಫಾರಂ 29, ಫಾರಂ 30 ತುಂಬಿ ಆರ್‌ಟಿಓಗೆ ಕೊಡಬೇಕು. ವಿಮೆ ನಿಮ್ಮ ಹೆಸರಿಗೆ ಮಾಡಿಸಲು 14 ದಿನದೊಳಗೆ ಅರ್ಜಿ ಕೊಡಬೇಕು. ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದೆ ಇದ್ದವರಿಗೆ ವಿಮೆ ಕಂತಿನಲ್ಲಿ ಸಿಗುವ ರಿಯಾಯಿತಿ, ಗಾಡಿಯ ಜೊತೆ ಬರುವುದಿಲ್ಲ, ಅದು ಹಳೆ ಮಾಲೀಕನದು. ಒಟ್ಟು ಬಂತಲ್ಲ, ಅದರಲ್ಲಿ ವಾಪಸ್ ಕೊಟ್ಟರೆ ಬೀಳುವ ದಂಡ ಕಳೆಯಿರಿ. ಉಳಿದದ್ದು ಅಂಥದೇ ಗಾಡಿಯ ಇವತ್ತಿನ ಬೆಲೆಗಿಂತ ಕಡಿಮೆ ಇದ್ದರೆ, ಕಾರೂ ಬೇಕಿದ್ದರೆ, ಕಣ್ಣು ಮುಚ್ಚಿ ಕೊಳ್ಳಿ. ಜಾಸ್ತಿ ಇದ್ದರೆ ಕೀಲಿ ಕೊಟ್ಟು ಬನ್ನಿ. ಈ ಲೆಕ್ಕದಲ್ಲಿ ಎಲ್ಲಾದರೂ 7,92,000 ಬಂತಾ? ಬರಲಿಲ್ಲ. ಬರುವುದೂ ಇಲ್ಲ.

ನಾನು ಎರಡನ್ನೂ ಮಾಡಿದ್ದೇನೆ. ಮೊದಲನೆಯ ಕಾರಿಗೆ 4,80,000 ಕೇಳಿದರು. ಅದೇ ವರ್ಷದ, ಅಷ್ಟೇ ಓಡಿದ ಗಾಡಿ 4,30,000ಕ್ಕೆ ಸಿಗುತ್ತಿತ್ತು. ವಾಪಸ್ ಕೊಟ್ಟೆ. ಅವತ್ತು ತಪಾಸಣೆಗೆ ಬಂದವರು ಬಂಪರಿನ ಗೀರಿಗೆ 18,000 ಬರೆದರು. ಗಾಡಿ ಕೈಗೆ ಬಂದ ದಿನವೇ ಆ ಗೀರು ಇತ್ತು! ನನ್ನ ಫೋನಿನಲ್ಲಿ ಆವತ್ತಿನ ಫೋಟೋ ಇತ್ತು, ತೋರಿಸಿದೆ, ಬಿಟ್ಟರು. ಫೋಟೋ ಇಲ್ಲದಿದ್ದರೆ ಕಟ್ಟಬೇಕಿತ್ತು. ಎರಡನೆಯ ಕಾರು ಎಲ್ಲಾ ಸೇರಿ 4,15,000ಕ್ಕೆ ಬರುತ್ತಿತ್ತು, ಹೊರಗೆ ಬೆಲೆ 4,70,000. ಕೊಂಡೆ. ಈಗಲೂ ಮನೆ ಮುಂದೆ ನಿಂತಿದೆ.

"ಗಾಡಿ ಹೇಗೆ ಓಡಿದೆ ಅಂತ ನನಗೆ ಗೊತ್ತಲ್ಲ" ಅನ್ನುತ್ತಾರೆ ಕೆಲವರು. ಇದೊಂದು ಮಾತಿಗೆ ತೂಕ ಇದೆ. ಸರ್ವಿಸ್ ಯಾವಾಗ ಆಯಿತು, ಎಲ್ಲಿ ಗುದ್ದಿತ್ತು, ಎಲ್ಲಾ ಗೊತ್ತು. ಅದಕ್ಕೊಂದು ಹತ್ತು, ಹದಿನೈದು ಸಾವಿರ ಜಾಸ್ತಿ ಕೊಡಿ, ನಾನು ಬೇಡ ಅನ್ನುವುದಿಲ್ಲ. ಎಪ್ಪತ್ತು ಸಾವಿರ ಕೊಡಬೇಡಿ.

"ಸಂಬಳದಲ್ಲಿ ಕಂತು ಮೊದಲೇ ಹಿಡಿದು ಟ್ಯಾಕ್ಸ್ ಉಳಿಯಿತಲ್ಲ?" ಉಳಿಯಿತು, ಸಂತೋಷ. ಅದೂ ತಿಂದ ಅನ್ನವೇ.

"ಮಗಳನ್ನು ಆಸ್ಪತ್ರೆಯಿಂದ ಇದೇ ಕಾರಿನಲ್ಲಿ ಕರಕೊಂಡು ಬಂದದ್ದು." ಮಗಳು ಮನೆಯಲ್ಲಿದ್ದಾಳೆ ಅಲ್ವಾ? ಕಾರಿನ ಮುಂದೆ ನಿಲ್ಲಿಸಿ ಒಂದು ಫೋಟೋ ತೆಗೆಯಿರಿ.

"ಜನ ಏನು ಅಂದುಕೊಳ್ಳುತ್ತಾರೆ, ಕಾರು ಕಿತ್ತುಕೊಂಡರು ಅನ್ನಲ್ವಾ?" ಇದಕ್ಕೆ ನಾನು ಉತ್ತರವನ್ನೇ ಕೊಡುವುದಿಲ್ಲ. ಅನ್ನುವವರು ಕಂತು ಕಟ್ಟುವುದಿಲ್ಲ.

ನನಗೆ ಕೋಪ ಬರುವುದು ಯಾಕೆ ಗೊತ್ತಾ? ಇದು ಕಷ್ಟಪಟ್ಟು ದುಡಿದ ದುಡ್ಡು. ಬೆಳಗ್ಗೆ ಐದಕ್ಕೆ ಎದ್ದು, ಟೋಲು ಕಟ್ಟಿ, ನೆಲಮಂಗಲದ ಟ್ರಾಫಿಕ್ಕಿನಲ್ಲಿ ಕೂತು ದುಡಿದದ್ದು. ಹೋದ ದುಡ್ಡಿನ ಹಿಂದೆ ಇರುವ ದುಡ್ಡನ್ನೂ ಕಳಿಸುತ್ತೀರಲ್ಲ! ಹೋದದ್ದು ಹೋಯಿತು ಸ್ವಾಮಿ. ಬಾಡಿಗೆ ಕೊಟ್ಟಿರಿ, ಕಾರು ಓಡಿಸಿದಿರಿ, ಬಾಕಿ ಚುಕ್ತಾ. ಕಂತು ಮರೆಯಿರಿ. ಮರೆಯಿರಿ ಅಂದರೆ ಮರೆಯಿರಿ!

ಚಾನೆಲ್ಲಿಗೆ ಇನ್ನೂ ಸೇರದೆ ಇರುವವರು ಸೇರಿಕೊಳ್ಳಿ, ಗಂಟೆ ಒತ್ತಿ. ಲೀಸ್ ಮುಗಿಯುತ್ತಿರುವ ಗೆಳೆಯರಿಗೆ ಇದನ್ನು ಇವತ್ತೇ ಕಳಿಸಿ. ಆ ಕಮೆಂಟು ಹಾಕಿದ ಅಣ್ಣನಿಗೆ ಒಂದು ಕೆಲಸ. ನಿಮಗೆ ಇನ್ನೂ ಒಂದು ತಿಂಗಳು ಇದೆ. ಈ ಭಾನುವಾರ ಬಟವಾಡಿಯಿಂದ ಕ್ಯಾತ್ಸಂದ್ರದವರೆಗೆ ಹೋಗಿ, ಮೂರು ಕಡೆ ನಿಮ್ಮ ಮಾಡೆಲ್ಲಿನ ಬೆಲೆ ಕೇಳಿ. ಹಾಗೇ ಬಿಸಿ ತಟ್ಟೆ ಇಡ್ಲಿ ತಿಂದು ಬನ್ನಿ. ಆ ಮೂರು ಬೆಲೆ, ಉಳಿಕೆ ಬೆಲೆ, ಓಡಿದ ಕಿಲೋಮೀಟರು ಇಲ್ಲಿ ಬರೆಯಿರಿ. ಮುಂದಿನ ವಾರ ಟೈರ್ ವಿಷಯಕ್ಕೆ ಮೊದಲು ನಿಮ್ಮ ಲೆಕ್ಕವನ್ನೇ ಹಾಕೋಣ. ಕಟ್ಟಿದ ಕಂತಿನ ಮೊತ್ತ ಮಾತ್ರ ಬರೆಯಬೇಡಿ. ಅದನ್ನು ನಾನು ಓದುವುದಿಲ್ಲ.