ನಾಲ್ಕು ಕೈಗಳ ಹಲಗೆ

ಈ ಸದ್ದು ಕೇಳುತ್ತಿದೆಯಲ್ಲ, ಕುದುರೆಯೊಂದು ಮರದ ಸೇತುವೆಯ ಮೇಲೆ ಓಡಿದ ಹಾಗೆ? ಇಲ್ಲಿ ಕುದುರೆಯೂ ಇಲ್ಲ, ಸೇತುವೆಯೂ ಇಲ್ಲ. ಎರಡು ಬುಟ್ಟಿಗಳನ್ನು ಬೋರಲು ಹಾಕಿ, ಮೇಲೆ ಮೆಕ್ಕೆಜೋಳದ ಒಣ ಸಿಪ್ಪೆ ಹರಡಿ, ಉದ್ದನೆಯ ದಪ್ಪ ಹಲಗೆಯೊಂದನ್ನು ಮಲಗಿಸಿದ್ದಾರೆ. ವಾದ್ಯ ಇಷ್ಟೇ. ಹೆಸರು ಚಲಪಾರ್ತ.

ನಾನಿರುವುದು ಸ್ಪೇನಿನ ಉತ್ತರದಲ್ಲಿ, ಬಾಸ್ಕ್ ನಾಡಿನ ಅಸ್ತಿಗರ್ರಾಗ ಎಂಬ ಊರಿನಲ್ಲಿ. ಸ್ಯಾನ್ ಸೆಬಾಸ್ಟಿಯನ್‌ನಿಂದ ಬಸ್ಸಿನಲ್ಲಿ ಸ್ವಲ್ಪವೇ ದೂರ. ಇಲ್ಲಿನ ಸೇಬಿನ ಮದ್ಯಕ್ಕೆ ಸಗಾರ್ದೊ ಎನ್ನುತ್ತಾರೆ. ಚಲಪಾರ್ತ ಬೆಳೆದದ್ದು ಅದರ ಒಡನಾಟದಲ್ಲೇ. ಯಂತ್ರಗಳು ಬರುವ ಮೊದಲು, ಶರತ್ಕಾಲ ಬಂತೆಂದರೆ ನೆರೆಹೊರೆಯವರೆಲ್ಲ ಕೂಡಿ ಮರದ ದೊಡ್ಡ ಒನಕೆಗಳಿಂದ ಸೇಬು ಜಜ್ಜುತ್ತಿದ್ದರು. ಕೆಲಸ ಮುಗಿದು ಊಟವಾದ ಮೇಲೆ, ರಾತ್ರಿ, ಹಲಗೆಯೊಂದನ್ನು ಎತ್ತಿಟ್ಟು ಅದೇ ಏಟನ್ನು ಆಟವಾಗಿಸುತ್ತಿದ್ದರು. ದೂರದ ಮನೆಗಳವರು ಸದ್ದು ಕೇಳಿ ಬಂದು ಸೇರುತ್ತಿದ್ದರು. ಪಕ್ಕದ ನವಾರ್ರ ಪ್ರಾಂತ್ಯದ ಬಸ್ತಾನ್ ಕಣಿವೆಯಲ್ಲಿ ಸೇಬು ಜಜ್ಜುವ ಆ ಲಯಕ್ಕೇ ಕಿರಿಕೊಕೆತ ಎಂಬ ಹೆಸರಿದೆ. ಒಮ್ಮೆ ಬಾಯಿಬಿಟ್ಟು ಹೇಳಿ ನೋಡಿ, ಒನಕೆಗಳು ಒಂದರ ಹಿಂದೊಂದು ಬೀಳುವುದು ಆ ಹೆಸರಿನಲ್ಲೇ ಕೇಳಿಸುತ್ತದೆ.

ಇದು ಶಿಲಾಯುಗದ ವಾದ್ಯ ಎನ್ನುವವರು ಬಹಳ ಮಂದಿ. ಬಾಸ್ಕ್ ಭಾಷೆಗೆ ಜಗತ್ತಿನ ಬೇರೆ ಯಾವ ಭಾಷೆಯೊಂದಿಗೂ ನಂಟು ಸಿಕ್ಕಿಲ್ಲ. ಅಂಥ ಭಾಷೆಯವರ ವಾದ್ಯವೆಂದ ಮೇಲೆ ಹಾಗೆ ಅನ್ನಿಸುವುದು ಸಹಜ. ಆದರೆ ಬರವಣಿಗೆಯ ದಾಖಲೆಗಳು ಅಷ್ಟು ಹಿಂದಕ್ಕೆ ಹೋಗುವುದಿಲ್ಲ. ನನಗೆ ಅದರಿಂದ ಬೇಸರವಿಲ್ಲ. ದುಡಿದ ಕೈಗಳು ದಣಿದ ಮೇಲೂ ಏಟು ಬಿಡಲಿಲ್ಲವಲ್ಲ, ನನಗೆ ಅದೇ ದೊಡ್ಡದು.

ಈಗ ನುಡಿಸುವವರ ಕೈ ಗಮನಿಸಿ. ಚೆಂಡೆಯ ಕೋಲಿನಂತೆ ಓರೆಯಾಗಿ ಹೊಡೆಯುವುದಿಲ್ಲ. ಮಕಿಲ ಎಂಬ ಗಿಡ್ಡ ಕೋಲನ್ನು ನೆಟ್ಟಗೆ ಹಿಡಿದು ಅದರ ತುದಿಯಿಂದ ಕುಟ್ಟುತ್ತಾರೆ. ನನಗೆ ಅಜ್ಜಿಯೂ ಚಿಕ್ಕಜ್ಜಿಯೂ ಒಂದೇ ಒರಳಿನಲ್ಲಿ ಅವಲಕ್ಕಿ ಕುಟ್ಟುತ್ತಿದ್ದದ್ದು ನೆನಪಾಯಿತು. ಒಬ್ಬರ ಒನಕೆ ಏಳುವಾಗ ಇನ್ನೊಬ್ಬರದು ಬೀಳಬೇಕು.

ಇಲ್ಲಿಯೂ ಇಬ್ಬರು. ಒಬ್ಬರದು ತುಕುತುನ: ಎರಡೆರಡು ಏಟು, ಸಮವಾಗಿ, ಎದೆಬಡಿತದಂತೆ. ಇನ್ನೊಬ್ಬರದು ಎರ್ರೆನ. ಬಾಸ್ಕ್ ಭಾಷೆಯಲ್ಲಿ ಹಾಗೆಂದರೆ ಕುಂಟ. ಅವರು ತಮ್ಮ ಸರದಿಯಲ್ಲಿ ಎರಡು ಏಟು ಹಾಕಬಹುದು, ಒಂದು ಹಾಕಬಹುದು, ಏನೂ ಹಾಕದೆ ಬಿಡಬಹುದು. ಹಾಗೆ ಬಿಟ್ಟ ಜಾಗಕ್ಕೂ ಹೆಸರಿದೆ, ಉತ್ಸ, ಅಂದರೆ ಬರಿದು. ಒಬ್ಬರು ಲಯ ಕಟ್ಟುತ್ತಾರೆ, ಇನ್ನೊಬ್ಬರು ಕುಂಟಿಸುತ್ತಾರೆ, ಇಬ್ಬರೂ ಸೇರಿ ಅದನ್ನು ಬೀಳದಂತೆ ಹಿಡಿಯುತ್ತಾರೆ. ಬರೆದಿಟ್ಟ ಪಾಠವಿಲ್ಲ, ಎದುರಿನವರ ಕೋಲೇ ಪಾಠ.

ಈ ಆಟ ನಿಂತೇ ಹೋಗುವುದರಲ್ಲಿತ್ತು. ಸೇಬು ಜಜ್ಜಲು ಯಂತ್ರ ಬಂತು, ಸ್ಪೇನಿನ ಸರ್ವಾಧಿಕಾರಿ ಫ್ರಾಂಕೊ ಆಳ್ವಿಕೆಯಲ್ಲಿ ಬಾಸ್ಕ್ ಭಾಷೆ, ಸಂಸ್ಕೃತಿಗಳ ಉಸಿರೇ ಕಟ್ಟಿತ್ತು. 1960ರ ದಶಕದ ಹೊತ್ತಿಗೆ ಹಳೆಯ ಪರಂಪರೆಯಲ್ಲಿ ಉಳಿದಿದ್ದದ್ದು ಎರಡೇ ಜೋಡಿ: ಲಸಾರ್ತೆಯ ಸುವಾಸ್ನಬಾರ್ ಸಹೋದರರು, ಇದೇ ಅಸ್ತಿಗರ್ರಾಗದ ಗೊಯ್ಕೊಎಚೆಯ ಸಹೋದರರು. ಒಬ್ಬರೇ ನುಡಿಸುವ ವಾದ್ಯವಲ್ಲ ಇದು. ಒಬ್ಬ ಮುದುಕ ಕಣ್ಣು ಮುಚ್ಚಿದರೆ ಇಬ್ಬರ ಸದ್ದು ನಿಲ್ಲುತ್ತಿತ್ತು. ಅವರಿಂದ ಕಲಿತು ಬೆಳೆಸಿದವರೂ ಅಣ್ಣತಮ್ಮಂದಿರೇ, ಉಸುರ್ಬಿಲ್‌ನ ಆರ್ತ್ಸೆ ಸಹೋದರರು ಮತ್ತು ಬೆಲ್ತ್ರಾನ್ ಸಹೋದರರು. ಆರ್ತ್ಸೆ ಸಹೋದರರು ಬಾಸ್ಕ್ ಹಾಡುಗಾರರ ‘ಎಸ್ ದೊಕ್ ಅಮಾಯ್ರು’ ಬಳಗದೊಡನೆ ಇದನ್ನು ವೇದಿಕೆಗೆ ತಂದರು. ಹುವಾನ್ ಮಾರಿ ಬೆಲ್ತ್ರಾನ್ ಒಯಾರ್ತ್ಸುನ್‌ನಲ್ಲಿ ಜನಪದ ಸಂಗೀತದ ಸಂಗ್ರಹಾಲಯವನ್ನೇ ಕಟ್ಟಿದರು. ಮುಂದೆ ಒರೆಕ ಟಿಎಕ್ಸ್ ಜೋಡಿ ಯುರೋಪಿನ ತೀರ ಉತ್ತರದ ಸಾಮಿ ಜನರ ನಾಡಿನಲ್ಲಿ ಮಂಜುಗಡ್ಡೆಯಿಂದಲೇ ಚಲಪಾರ್ತ ಮಾಡಿ ನುಡಿಸಿತು. ನಮ್ಮ ದೇಶಕ್ಕೂ ಬಂದು ಆದಿವಾಸಿಗಳೊಡನೆ ನುಡಿಸಿತು.

ಇನ್ನು ನಾನು ಮಾತು ನಿಲ್ಲಿಸುತ್ತೇನೆ. ಹೆಡ್‌ಫೋನ್ ಇದ್ದರೆ ಹಾಕಿಕೊಳ್ಳಿ. ಎಡಗಿವಿಗೆ ತುಕುತುನ, ಬಲಗಿವಿಗೆ ಎರ್ರೆನ ಬರುವಂತೆ ಧ್ವನಿ ಜೋಡಿಸಿದ್ದೇನೆ. ಮೊದಲು ತೀರ ನಿಧಾನ. ಬಲಗಡೆಯ ಏಟೊಂದು ಬರದೇ ಹೋದಾಗ, ಎಡಗಡೆಯವರು ಅದಕ್ಕಾಗಿ ಕಾಯುವುದನ್ನು ಕೇಳಿಸಿಕೊಳ್ಳಿ.