ಸುರತ್ಕಲ್‌ನಲ್ಲಿ ಮನೆ ನೋಡುತ್ತಿರುವ ಹುಬ್ಬಳ್ಳಿಯವರಿಗೆ

ಎಲ್ಲರಿಗೂ ನಮಸ್ಕಾರ.

ಮಗ ಎನ್‌ಐಟಿಕೆ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದುತ್ತಾನೆ, ಅಳಿಯ ಎಂಆರ್‌ಪಿಎಲ್‌ ರಿಫೈನರಿಯಲ್ಲಿದ್ದಾನೆ, ಮಂಗಳೂರು ಹತ್ತಿರದ ಸುರತ್ಕಲ್‌ನಲ್ಲೇ ಒಂದು ಮನೆ ಕೊಂಡರೆ ಹೇಗೆ? ಹುಬ್ಬಳ್ಳಿಯ ವಿದ್ಯಾನಗರ, ಕೇಶ್ವಾಪುರದ ಕಡೆಯವರು ನನ್ನನ್ನು ಹೀಗೆ ಕೇಳುತ್ತಿರುತ್ತಾರೆ. ಇವತ್ತಿನ ಮಾತು ಅವರಿಗೆ. ಏಜೆಂಟ್ ಹೇಳುವ ರೇಟು ಬೇರೆ, ಆ ಮನೆಯ ಬೆಲೆ ಬೇರೆ. ನಡುವಿನ ಅಂತರ ಹೋಗುವುದು ನಿಮ್ಮ ಕಿಸೆಯಿಂದ.

ಮೊದಲು ಅಳತೆ. ನಮ್ಮದು ಗುಂಟೆ ಲೆಕ್ಕ, ಕರಾವಳಿಯವರದು ಸೆಂಟ್ಸ್. ಗುಂಟೆ ಅಂದರೆ 1089 ಚದರ ಅಡಿ, ಸೆಂಟ್ಸ್ ಅಂದರೆ 435.6. ಒಂದು ಗುಂಟೆಗೆ ಎರಡೂವರೆ ಸೆಂಟ್ಸ್. ಸೆಂಟ್ಸಿಗೆ 8 ಲಕ್ಷ ಅಂದರೆ ಅಗ್ಗ ಅನಿಸಬಹುದು. ಗುಂಟೆಗೆ 20 ಲಕ್ಷ ಆಯಿತಲ್ಲ! ಫ್ಲಾಟ್ ಆದರೆ ಎಲ್ಲರೂ ಬಳಸುವ ಜಾಗವನ್ನೂ ಸೇರಿಸಿದ ಸೂಪರ್ ಬಿಲ್ಟಪ್ ಬಿಟ್ಟು, ಮನೆಯೊಳಗೆ ನಿಜಕ್ಕೂ ಬಳಸುವ ಜಾಗ ಅಂದರೆ ಕಾರ್ಪೆಟ್ ಏರಿಯಾ ಕೇಳಿ. ಮೆಟ್ಟಿಲು, ಲಿಫ್ಟ್, ಕಾರಿಡಾರ್‌ನಲ್ಲಿ ನೀವು ಮಂಚ ಹಾಕುವುದಿಲ್ಲ.

ಈಗ ದುಡ್ಡು. 60 ಲಕ್ಷಕ್ಕೆ ಒಂದು ಫ್ಲಾಟ್ ಮಾತಾಯಿತು ಅಂದುಕೊಳ್ಳಿ. ಸರಕಾರದ ಮಾರ್ಗಸೂಚಿ ಬೆಲೆ 48 ಲಕ್ಷ. ಎರಡರಲ್ಲಿ ಯಾವುದು ಜಾಸ್ತಿಯೋ ಅದರ ಮೇಲೆ ಮುದ್ರಾಂಕ ಶುಲ್ಕ. ನಗರದಲ್ಲಿ ಸೆಸ್, ಸರ್ಚಾರ್ಜ್ ಸೇರಿ ಶೇ 5.6. ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ ಶೇ 2 ಆಗಿದೆ, ಮೊದಲು ಶೇ 1 ಇತ್ತು. ಒಟ್ಟು 4.56 ಲಕ್ಷ. ಇನ್ನು ಬ್ಯಾಂಕಿನ ಎಂಜಿನಿಯರ್ ಬಂದು ನೋಡಿ 54 ಲಕ್ಷ ಅಂತ ಬರೆದರು. ಬ್ಯಾಂಕ್ ಹಿಡಿಯುವುದು ಕಡಿಮೆ ಇರುವ ಅಂಕಿಯನ್ನೇ. 30ರಿಂದ 75 ಲಕ್ಷದ ಸಾಲಕ್ಕೆ ರಿಸರ್ವ್ ಬ್ಯಾಂಕಿನ ಮಿತಿ ಆ ಅಂಕಿಯ ಶೇ 80. ಹಾಗಾಗಿ ಸಿಗುವುದು 43.20 ಲಕ್ಷ. ನೋಂದಣಿ ಖರ್ಚಿಗೆ ಆ ಸಾಲದಲ್ಲಿ ಜಾಗವಿಲ್ಲ. 60 ಲಕ್ಷದ ಶೇ 20, ಅಂದರೆ ಕೈಯಿಂದ 12 ಲಕ್ಷ ಹಾಕಿದರೆ ಸಾಕು ಅಂದುಕೊಂಡವರು 21.36 ಲಕ್ಷ ಹೊಂದಿಸಬೇಕು. ಇಸಾರ (ಮುಂಗಡ) ಕೊಟ್ಟ ಮೇಲೆ ಈ ಲೆಕ್ಕ ಹಾಕಿದರೆ ಏನು ಬಂತು?

ಖರೀದಿ ಪತ್ರದಲ್ಲಿ ಕಡಿಮೆ ತೋರಿಸೋಣ ಅನ್ನುವವರೂ ಇದ್ದಾರೆ. ಬೇಡ. ಸಾಲ ಕಡಿಮೆಯಾಗುತ್ತದೆ, ಮುಂದೆ ನೀವು ಮಾರುವಾಗ ಲಾಭ ಜಾಸ್ತಿ ಕಂಡು ತೆರಿಗೆಯೂ ನಿಮ್ಮ ಮೇಲೆಯೇ. ಹೀಗೆ ಕಡಿಮೆ ಬರೆಸಿದ ಪತ್ರಗಳಿಂದಾಗಿ ಒಂದು ಬಡಾವಣೆಯ ನಿಜವಾದ ಮಾರಾಟ ಬೆಲೆ ದಾಖಲೆಯಲ್ಲಿ ಸಿಗುವುದೇ ಕಷ್ಟ.

ಕರಾವಳಿಯದೇ ಆದ ಕೆಲವು ತೊಡಕುಗಳಿವೆ. ಅವು ನಮ್ಮ ಗೋಕುಲ ರಸ್ತೆಯಲ್ಲಿ ಇಲ್ಲ. ಸಮುದ್ರದ ಭರತ ರೇಖೆಯಿಂದ, ಅಂದರೆ ಉಬ್ಬರದ ನೀರು ಮುಟ್ಟುವ ಗಡಿಯಿಂದ, 500 ಮೀಟರ್‌ವರೆಗೆ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನಿಯಮ ಬರುತ್ತದೆ. 1991ರಿಂದ ಇದೆ, 2011 ಮತ್ತು 2019ರಲ್ಲಿ ಬದಲಾಗಿದೆ. ನಗರದ ಭಾಗದಲ್ಲಿ ಈಗಿರುವ ರಸ್ತೆ ಅಥವಾ ಅಧಿಕೃತ ಕಟ್ಟಡದಿಂದ ಒಳಗಡೆಗೆ ಮಾತ್ರ ಕಟ್ಟಲು ಅವಕಾಶ. ರಸ್ತೆಯ ಸಮುದ್ರದ ಬದಿಗೆ ಖಾಲಿ ಜಾಗ ಅಗ್ಗಕ್ಕೆ ಬಂದರೆ ಏಕೆಂದು ಈಗ ತಿಳಿಯಿತಲ್ವಾ? ಮುಕ್ಕ, ಸಸಿಹಿತ್ಲು ಕಡೆ ನಂದಿನಿ ನದಿಗೂ ಉಬ್ಬರದ ನೀರು ಏರುತ್ತದೆ. ಹಾಗಾಗಿ ನದಿ ದಂಡೆಯಲ್ಲೂ ಈ ನಿಯಮದ ಬಗ್ಗೆ ವಿಚಾರಿಸಬೇಕು.

ಊರಿಂದ ಸ್ವಲ್ಪ ಹೊರಗೆ ಹೋದರೆ "ಜೊತೆಗೆ ಹತ್ತು ಸೆಂಟ್ಸ್ ಕುಮ್ಕಿ ಇದೆ" ಅನ್ನುತ್ತಾರೆ. ಕುಮ್ಕಿ ಸರಕಾರದ ಜಮೀನು. ಪಕ್ಕದ ಜಮೀನಿನವರಿಗೆ ಸೊಪ್ಪು, ಸೌದೆ ತೆಗೆದುಕೊಳ್ಳುವ ಸವಲತ್ತು ಅಷ್ಟೇ. ಅದಕ್ಕೆ ದುಡ್ಡು ಕೊಡಬೇಡಿ. ಉತಾರ ನೋಡುವ ಕಣ್ಣು ನಮಗಿದೆ, ಅಲ್ಲಿ ಅದನ್ನೇ ಆರ್‌ಟಿಸಿ ಅಂತ ಕೇಳಿ ತೆಗೆಸಿ.

ಸಮುದ್ರ ಕಾಣುವ ಬಾಲ್ಕನಿಗೆ ಜಾಸ್ತಿ ಕೇಳುತ್ತಾರೆ. ಅದೇ ಬಾಲ್ಕನಿಯಲ್ಲಿ ನಿಂತು ತಲೆ ಎತ್ತಿ ಸ್ಲ್ಯಾಬಿನ ಅಂಚು ನೋಡಿ. ಪ್ಲಾಸ್ಟರ್ ಉಬ್ಬಿ ಕಂದು ಗೆರೆ ಇಳಿದಿದ್ದರೆ ಒಳಗಿನ ಸರಳಿಗೆ ತುಕ್ಕು ಹಿಡಿದಿದೆ. ಉಪ್ಪುಗಾಳಿ ಗ್ರಿಲ್ಲನ್ನೂ ಬಿಡುವುದಿಲ್ಲ. ಹೊಸ ಬಣ್ಣ ಹೊಡೆದಿದ್ದರೆ ನನಗಂತೂ ಅನುಮಾನ ಬರುತ್ತದೆ.

ಬಾಡಿಗೆ ಬರುತ್ತದೆ ಅನ್ನುವ ಮಾತು ಸುಳ್ಳಲ್ಲ. ಕಾಲೇಜು, ರಿಫೈನರಿ, ಪಣಂಬೂರಿನ ಬಂದರು ಇರುವ ಜಾಗ. ಆದರೆ ಅದೇ 60 ಲಕ್ಷದ ಮನೆಗೆ ತಿಂಗಳಿಗೆ 15,000 ಬಂದರೂ ವರ್ಷಕ್ಕೆ ಶೇ 3 ಮಾತ್ರ. ಮೇಂಟೆನೆನ್ಸ್, ಮನೆ ತೆರಿಗೆ ಅದರಲ್ಲೇ ಹೋಗಬೇಕು. ಸಾಲದ ಬಡ್ಡಿಗೆ ಅದು ಸಾಲುವುದಿಲ್ಲ.

ಮನೆ ನೋಡಲು ಡಿಸೆಂಬರ್‌ನಲ್ಲಿ ಹೋಗಬೇಡಿ, ಆಗ ಎಲ್ಲವೂ ಚೆಂದ. ಜುಲೈಯಲ್ಲಿ ಹೋಗಿ. ಗುಡ್ಡೆ ಕಡಿದು ಮಾಡಿದ ಜಾಗವಾದರೆ ಹಿಂದಿನ ತಡೆಗೋಡೆಯಲ್ಲಿ ನೀರು ಇಳಿಯಲು ಪೈಪು ಬಿಟ್ಟಿದ್ದಾರಾ ನೋಡಿ. ಬಾವಿ ಇದ್ದರೆ ಮೇ ತಿಂಗಳಲ್ಲಿ ನೀರು ಎಷ್ಟಿರುತ್ತದೆ, ಉಪ್ಪಾಗುತ್ತದಾ ಅಂತ ಪಕ್ಕದ ಮನೆಯವರನ್ನು ಕೇಳಿ. ಮಾರುವವರನ್ನಲ್ಲ.